ಆನೆಗುಂದಿ ಹೊಳೆದಂಡೆಗೆ ಹರಿಗೋಲಿನಲ್ಲಿ

ಆನೆಗುಂದಿಯಲ್ಲಿ ತುಂಗಭದ್ರಾ ಹೊಳೆ ನೋಡಲು ಬರುವವರು ಸಾಮಾನ್ಯವಾಗಿ ಹತ್ತು ಗಂಟೆಗೆ ಬರುತ್ತಾರೆ. ಅಷ್ಟೊತ್ತಿಗೆ ದಂಡೆಯ ಮುಖ್ಯ ಕೆಲಸ ಮುಗಿದಿರುತ್ತದೆ. ರಾತ್ರಿ ಹರವಿದ ಬಲೆ ಎತ್ತಿಕೊಂಡು ಮೀನುಗಾರರು ಮರಳುವುದು ಹೊತ್ತು ಮೂಡುವಾಗ. ನಾನು ಗಂಗಾವತಿಯವನು, ಹರಿಗೋಲು ಹಾಕಲು ಕಲಿತು ಆರು ವರ್ಷವಾಯಿತು. ಆ ಹೊತ್ತಿಗೆ ನೀರ ಮೇಲಿಂದ ಆ ದಂಡೆ ಸೇರುವುದು ಹೇಗೆಂದು ಕಲಿಯಲು ಅದರಲ್ಲಿ ಎರಡು ವರ್ಷ ಹಿಡಿಯಿತು.

ಮೊದಲು ನೀರಿನ ಮಾತು. ನಮ್ಮೂರಲ್ಲಿ ಬಿಸಿಲು ಸುರಿಯುತ್ತಿದ್ದರೂ ಹೊಳೆ ಏರಬಹುದು. ಮೇಲೆ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದಾಗ ನನ್ನ ಹರಿಗೋಲನ್ನು ದಂಡೆಯಿಂದ ಊರೊಳಕ್ಕೆ ಹೊತ್ತು ತಂದಿದ್ದೆ. ಹೊರಹರಿವು ಎಷ್ಟು ಕ್ಯುಸೆಕ್ ಎಂದು ಹಿಂದಿನ ರಾತ್ರಿಯೇ ವಿಚಾರಿಸುತ್ತೇನೆ. ಗೇಟು ತೆರೆದಿದ್ದಾರೆಂದರೆ ಹೋಗುವ ಮಾತೇ ಇಲ್ಲ. ದೀಪಾವಳಿ ಕಳೆದು ನೀರು ತಿಳಿಯಾದ ಮೇಲೆ ಶಿವರಾತ್ರಿವರೆಗೆ ನನಗೆ ಹಿತವಾದ ಕಾಲ. ಆಮೇಲೆ ನೀರು ಇಳಿದು ಬಂಡೆಗಳ ತಲೆ ಎದ್ದು ದಾರಿಯೇ ಸಿಗುವುದಿಲ್ಲ.

1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಯ ಹರಿಗೋಲಿನ ಬಗ್ಗೆ ಬರೆದಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, 15-20 ಜನ ಹಿಡಿಯುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ. ಈಗ ಚರ್ಮವಿಲ್ಲ. ಬಿದಿರ ದಬ್ಬೆಯ ಹೆಣಿಗೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಸುತ್ತುವುದು ಮಾತ್ರ ಹಾಗೇ ಇದೆ. ಪಕ್ಕದಲ್ಲಿ ಹುಟ್ಟು ಹಾಕಿದರೆ ಗಿರಗಿಟ್ಟಲೆ. ಅಂಚಿಗೆ ಮೊಣಕಾಲೂರಿ, ಹೋಗಬೇಕಾದ ದಿಕ್ಕಿಗೆ ಮುಖಮಾಡಿ, ಎದುರಿನ ನೀರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತನ್ನತ್ತ ಎಳೆದುಕೊಳ್ಳಬೇಕು, ಹುಟ್ಟನ್ನು ನೀರಿನಿಂದ ಪೂರ್ತಿ ಎತ್ತದೆ. ಜೊತೆಗೆ ಬಂದವರನ್ನು ನನ್ನ ಎದುರು ಅಂಚಿಗೆ ಕೂರಿಸುತ್ತೇನೆ, ಭಾರ ಸರಿತೂಗುತ್ತದೆ. ಲೈಫ್ ಜಾಕೆಟ್ ಹಾಕದವರನ್ನು, ಅವರು ಎಷ್ಟೇ ಒಳ್ಳೆಯ ಈಜುಗಾರರಿರಲಿ, ಹತ್ತಿಸಿಕೊಳ್ಳುವುದಿಲ್ಲ. ಬಂಡೆಸಂದಿಯ ಸುಳಿ ಈಜು ಬರುವವರನ್ನೂ ಬಿಡುವುದಿಲ್ಲ.

ಬಲೆಯ ವಿಷಯದಲ್ಲಿ ನಾನು ತಪ್ಪು ಮಾಡಿಯೇ ಕಲಿತದ್ದು. ಎರಡನೇ ಸಲ ಬಂದಾಗ ಮಬ್ಬುಬೆಳಕು. ನೀರ ಮೇಲೆ ಒಂದು ಸಾಲು ಥರ್ಮಾಕೋಲ್ ಚೂರು, ನಡುನಡುವೆ ಖಾಲಿ ಬಾಟಲಿ ತೇಲುತ್ತಿದ್ದವು. ಯಾರೋ ಎಸೆದ ಕಸವೆಂದು ಅದರ ಮೇಲೇ ಹಾಯ್ದೆ. ಹುಟ್ಟು ಭಾರವಾಯಿತು.

"ಏ ತಮ್ಮಾ, ಹುಟ್ಟು ಅಲ್ಲೇ ಬಿಡು, ಎಳೀಬ್ಯಾಡ! ಬಲಿ ಐತಿ!" ದಂಡೆಯಿಂದ ಒಬ್ಬ ಹಿರಿಯರು ಕೂಗಿದರು. ಹರಿಗೋಲು ತಂದು, ಹುಟ್ಟಿಗೆ ಸುತ್ತಿದ ಬಲೆಯ ಒಂದೊಂದು ಕಣ್ಣನ್ನೂ ಉಗುರಿನಿಂದ ಬಿಡಿಸಿದರು. ಆದರೂ ಒಂದು ಗೇಣು ಹರಿದಿತ್ತು.

"ತಪ್ಪಾತ್ರಿ ಯಜಮಾನ್ರ," ಎಂದೆ.

"ತಪ್ಪು ಇರ್ಲಿ. ಇದನ್ನ ಹೆಣಿಯಾಕ ಮಧ್ಯಾನದ ಮಟ ಕುಂದರಬೇಕು ನಾ."

ಅವತ್ತು ಮಧ್ಯಾಹ್ನದವರೆಗೆ ನಾನೂ ಅವರ ಪಕ್ಕ ಕೂತು ದಾರ ಹಿಡಿದೆ. ಹರಿದ ಗೇಣು ಬಲೆಗೆ ಎಷ್ಟು ಗಂಟು ಬೇಕೆಂದು ಕೈಯಿಂದ ತಿಳಿದ ಮೇಲೆ ತೇಲುವ ಬಾಟಲಿಯನ್ನು ಕಂಡರೆ ಸಾಕು, ದೂರದಿಂದಲೇ ಬಳಸಿ ಹೋಗುತ್ತೇನೆ.

ಕಮಲಾಪುರದ ಕಡೆಯ ತಳವಾರಘಟ್ಟದಿಂದ ಹೊಳೆ ದಾಟುವ ಈ ಜಾಗ ಹಿಂದೆ ವಿಜಯನಗರ ರಾಜಧಾನಿಯ ಬಾಗಿಲಾಗಿತ್ತು. ಒಂಬತ್ತು ಮಾಧ್ವ ಯತಿಗಳ ವೃಂದಾವನಗಳಿರುವ, ಹೊಳೆ ನಡುವಿನ ನವವೃಂದಾವನ ಗಡ್ಡೆಗೆ ಭಕ್ತರ ದೋಣಿಗಳು ಈಗಲೂ ಓಡಾಡುತ್ತವೆ. ಅವುಗಳ ದಾರಿಗೆ ಅಡ್ಡ ನಿಲ್ಲುವುದಿಲ್ಲ. ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಬಂಡೆಯ ಮೇಲೆ ಅವುಗಳ ಹಿಂಡು ಕಂಡರೆ ಹುಟ್ಟು ನಿಲ್ಲಿಸಿ ಹರಿವಿಗೆ ಬಿಡುತ್ತೇನೆ.

ದಂಡೆ ಸೇರಿದಾಗ ಮೀನು ಇಳಿಸುವ ಇಳಿಜಾರಿನಲ್ಲಿ ಹರಿಗೋಲು ಬಿಡುವುದಿಲ್ಲ, ಎಳೆಯುವುದೂ ಇಲ್ಲ. ಕಲ್ಲಿಗೆ ಉಜ್ಜಿ ಹಾಳೆ ಹರಿಯುತ್ತದೆ. ಇಬ್ಬರು ಹಿಡಿದು ಎತ್ತಬೇಕು. ಕಾಟ್ಲಾ, ರೋಹು ತೂಕಕ್ಕೆ ಹೋಗುವವರೆಗೆ ಸುಮ್ಮನೆ ನಿಂತಿದ್ದು, ಆಮೇಲೆ ಮನೆಗೆ ಬೇಕಾದಷ್ಟು ಕೊಳ್ಳುತ್ತೇನೆ. ಫೋಟೋ ಕೇಳಿಯೇ ತೆಗೆಯುತ್ತೇನೆ. ಕಳೆದ ಮಾಗಿಯಲ್ಲಿ ಅದೇ ಹಿರಿಯರು, "ನಿನ್ನ ಹರಿಗೋಲು ಆ ಗುಂಡಿನ ಮಗ್ಗಲಕ ಬೋರಲ ಹಾಕು, ನಮ್ಮವರ ಜೋಡಿ ಇರ್ಲಿ," ಎಂದರು. ಈಗ ಅಲ್ಲೇ ಹಾಕುತ್ತೇನೆ.