ಸ್ಕಾರ್ಫ್ ಅತಿಥಿಗೆ, ದರ್ಜೆ ಪಾಸಾದ ಮಕ್ಕಳಿಗೆ

ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ಶಾಲಾ ಮಕ್ಕಳು ಏರಬಹುದಾದ ಅತಿ ಮೇಲಿನ ದರ್ಜೆ ರಾಷ್ಟ್ರಪತಿ ಸ್ಕೌಟ್. ಹೆಣ್ಣುಮಕ್ಕಳಿಗೆ ರಾಷ್ಟ್ರಪತಿ ಗೈಡ್. ನಾನು ತೀರ್ಥಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಾ ಸ್ಕೌಟ್ ಮಾಸ್ಟರ್ ಕೆಲಸವನ್ನೂ ನೋಡಿಕೊಂಡು ಬಂದವನು. ನನ್ನ ದಳದ ಮಕ್ಕಳನ್ನು ಈ ದಾರಿಯಲ್ಲಿ ಹೇಗೆ ಕರೆದುಕೊಂಡು ಹೋದೆ, ಊರಿನ ದಾನಿಗಳಿಗೆ ಸಲ್ಲಬೇಕಾದ ಗೌರವ ಇದರ ಜೊತೆ ಬೆರೆಯದ ಹಾಗೆ ಹೇಗೆ ನೋಡಿಕೊಂಡೆ ಅಂತ ಬರೆಯುತ್ತಿದ್ದೇನೆ. ಹೊಸದಾಗಿ ದಳ ಕಟ್ಟುವ ಮೇಷ್ಟ್ರುಗಳಿಗೆ ಈ ಎರಡನೆಯದೇ ಜಾಸ್ತಿ ಕಷ್ಟ ಕೊಡುತ್ತದೆ.

ದಾರಿ ಎಲ್ಲರಿಗೂ ಒಂದೇ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ. ನಡುವಿನ ಮೆಟ್ಟಿಲು ಹಾರುವ ಹಾಗಿಲ್ಲ. ಮೇಲಿನ ಎರಡಕ್ಕೆ ಪರೀಕ್ಷಾ ಶಿಬಿರ ಇರುತ್ತದೆ. ಅಲ್ಲಿ ನೋಡುವವರು ಬೇರೆಯವರು. ನಮ್ಮ ಮಕ್ಕಳ ಮನೆ, ಮನೆತನ ಅವರಿಗೆ ಗೊತ್ತಿರುವುದಿಲ್ಲ. ಹಗ್ಗ ಕೈಗೆ ಕೊಟ್ಟು ಬೋಲೈನ್ ಗಂಟು ಹಾಕು ಅಂದರೆ ಹಾಕಬೇಕು, ಅಷ್ಟೇ.

ಹಾಗಾಗಿ ನಾನು ತಯಾರಿಯನ್ನು ಕೆಳಗಿನ ಮೆಟ್ಟಿಲಿನಲ್ಲೇ ಬಿಗಿ ಮಾಡಿದೆ. ಬೆಂಕಿ ಹೊತ್ತಿಸುವ ಪರೀಕ್ಷೆಯನ್ನೇ ನೋಡಿ. ಬಯಲಿನಲ್ಲಿ ಸೌದೆ ಜೋಡಿಸಿ, ಎರಡೇ ಬೆಂಕಿಕಡ್ಡಿಯಲ್ಲಿ ಹೊತ್ತಿಸಬೇಕು ಅನ್ನುವುದು ಸ್ಕೌಟಿಂಗಿನ ಹಳೆಯ ನಿಯಮ. ಬಯಲುಸೀಮೆಯಲ್ಲಿ ಇದು ಸುಲಭ ಇರಬಹುದು. ಆಗುಂಬೆಯ ಮಗ್ಗುಲಲ್ಲಿ, ಜುಲೈ ತಿಂಗಳಲ್ಲಿ, ನೆಲ, ಸೌದೆ, ಗಾಳಿ ಎಲ್ಲವೂ ಒದ್ದೆ. ನಾನು ಮಳೆಗಾಲದಲ್ಲೇ ಈ ಪರೀಕ್ಷೆ ಇಡುತ್ತೇನೆ. ಸೀಮೆಎಣ್ಣೆ ಇಲ್ಲ, ಕಾಗದ ಇಲ್ಲ.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಮಾಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಚಪ್ಪಟೆ ಕಲ್ಲು ತಂದು ನೆಲಕ್ಕೆ ಹಾಸಿದ, ಬೆಂಕಿಗೆ ತಳದಿಂದ ನೀರು ತಾಗಬಾರದು ಅಂತ. ಮೇಲೆಲ್ಲ ನೆನೆದಿದ್ದ ಒಂದು ದಪ್ಪ ಕೊರಡನ್ನು ಕತ್ತಿಯಲ್ಲಿ ಸೀಳಿದ. ಒಳಗಿನ ತಿರುಳು ಒಣಗಿತ್ತು. ಅದನ್ನು ತೆಳ್ಳಗೆ ಹೆರೆದು ಸುರುಳಿ ಮಾಡಿಕೊಂಡ. ಮನೆಯ ಅಟ್ಟದಿಂದ ತಂದ ಒಣ ಅಡಿಕೆ ಸಿಪ್ಪೆ ಅಂಗಿಯೊಳಗೆ ಇತ್ತು. ಮೊದಲ ಕಡ್ಡಿ ಗಾಳಿಗೆ ಹೋಯಿತು. ಅವನು ಗಡಿಬಿಡಿ ಮಾಡಲಿಲ್ಲ. ಅಡಿಕೆ ಹಾಳೆಯೊಂದನ್ನು ಗಾಳಿಗೆ ಅಡ್ಡ ಹಿಡಿಯಲು ಗೆಳೆಯನಿಗೆ ಕೇಳಬಹುದಾ ಅಂದ. ಒಬ್ಬನೇ ಮಾಡಬೇಕು ಅಂದೆ. ಹಾಳೆಯನ್ನು ಎರಡು ಕೋಲಿಗೆ ಸಿಕ್ಕಿಸಿ ನಿಲ್ಲಿಸಿದ, ಎರಡನೇ ಕಡ್ಡಿ ಗೀರಿದ, ಹೊತ್ತಿತು. ಅದೇ ಬೆಂಕಿಯಲ್ಲಿ ನೀರು ಕುದಿಸಿ ಚಹಾ ಮಾಡಿದ. ಅವನ ಲಾಗ್ ಬುಕ್ಕಿನಲ್ಲಿ, ಅಂದರೆ ಮಾಡಿದ್ದನ್ನೆಲ್ಲ ಬರೆದಿಡುವ ಪುಸ್ತಕದಲ್ಲಿ, ನಾನು ಹಾಕಿದ ಸಹಿಗೆ ಬೆಲೆ ಬಂದಿದ್ದು ಆ ಸುರುಳಿ ಸುರುಳಿ ಹೆರಕಲಿನಿಂದ.

ಪಯನೀರಿಂಗ್‌ಗೆ, ಅಂದರೆ ಕೋಲು ಹಗ್ಗದಿಂದ ಕಟ್ಟುವ ಕೆಲಸಕ್ಕೆ, ನಮ್ಮ ಕಡೆಯ ಕಾಲುಸಂಕವನ್ನೇ ಪಾಠ ಮಾಡಿಕೊಂಡೆ. ಮಳೆಗಾಲದಲ್ಲಿ ಹಳ್ಳ ದಾಟಲು ಅಡಿಕೆ ಮರದ ಕಾಂಡ ಹಾಕುತ್ತಾರಲ್ಲ, ಅದೇ. ಮಕ್ಕಳು ನೀರಿಲ್ಲದ ಒಂದು ತೋಡಿನ ಮೇಲೆ ಸಣ್ಣದು ಕಟ್ಟಿದರು, ಬಿದಿರಿನ ಕೈಹಿಡಿ ಸಮೇತ. ಎರಡು ಕೋಲು ಅಡ್ಡಡ್ಡ ಕಟ್ಟುವುದು ಹೀಗೆ: ಕ್ಲೋವ್ ಹಿಚ್ ಗಂಟಿನಿಂದ ಶುರು, ಮೂರು ಸುತ್ತು, ನಡುವೆ ಬಿಗಿದು ಎಳೆಯುವ ಎರಡು ಅಡ್ಡಸುತ್ತು, ಮತ್ತೆ ಕ್ಲೋವ್ ಹಿಚ್. ನೈಲಾನ್ ಹಗ್ಗ ಜಾರುತ್ತದೆ, ನಾರಿನ ಹಗ್ಗ ಕಚ್ಚಿ ಹಿಡಿಯುತ್ತದೆ ಅನ್ನುವುದು ಅವರಿಗೆ ಕಟ್ಟಿದಾಗಲೇ ತಿಳಿಯಿತು.

ಸೇವೆಯ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಗೆ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ. ಉಣುಗು ಕಚ್ಚಿದರೆ ಬರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಜೋರು. ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವವರ ಮನೆಗಳಿಗೆ ಮಕ್ಕಳು ಆಶಾ ಕಾರ್ಯಕರ್ತೆಯರ ಜೊತೆ ಹೋದರು. ಉಣುಗು ಹತ್ತದ ಹಾಗೆ ಮೈಗೆ ಡೇಪಾ ಎಣ್ಣೆ ಹಚ್ಚಿಕೊಂಡೇ ಹೋಗಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ಹೇಳಿ ಅಂತ ತಿಳಿಸಿದರು. ಹೋದ ಮನೆಗೇ ಮತ್ತೆ ಮತ್ತೆ ಹೋಗಬೇಕು ಅಂತ ನಾನು ಹಟ ಹಿಡಿದಿದ್ದೆ. ಫೋಟೊ ತೆಗೆಸಿಕೊಂಡು ಬರುವ ಸೇವೆಯನ್ನು ನಾನು ಲಾಗ್ ಬುಕ್ಕಿಗೆ ಬರೆಸುವುದಿಲ್ಲ.

ಇಷ್ಟೆಲ್ಲ ಆದಮೇಲೆ ರಾಜ್ಯ ಪುರಸ್ಕಾರಕ್ಕೆ ಹೆಸರು ಕಳಿಸುವ ಹೊತ್ತಿಗೆ ನಮ್ಮ ದಳಕ್ಕೆ ಟೆಂಟ್ ಕೊಡಿಸಿದ್ದ ಅಡಿಕೆ ವ್ಯಾಪಾರಿಯೊಬ್ಬರು ಮನೆಗೆ ಬಂದರು. ಅವರ ಮಗ ದಳದಲ್ಲಿದ್ದ, ಶಿಬಿರಗಳಿಗೆ ಬಂದಿರಲಿಲ್ಲ. "ಮೇಷ್ಟ್ರೇ, ಪಟ್ಟಿಗೆ ನಮ್ಮ ಹುಡುಗನದ್ದೂ ಒಂದು ಹೆಸರು ಸೇರಿಸಿಬಿಡಿ ಮಾರಾಯ್ರೆ" ಅಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಸಭೆಗಳಲ್ಲಿ ಅವರಿಗೇ ಸ್ಕಾರ್ಫ್ ಹಾಕಿ, ಪದಕದಂಥದ್ದು ಕೊಟ್ಟು ಕಳಿಸಿದವರಿದ್ದಾರೆ. ಇದೂ ಹಾಗೇ ಅಂದುಕೊಂಡಿದ್ದರು.

ನಾನು ಭಾಷಣ ಮಾಡಲಿಲ್ಲ. ಎರಡು ಲಾಗ್ ಬುಕ್ ತಂದು ಅವರ ಮುಂದೆ ಇಟ್ಟೆ. ಒಂದು ಅವರ ಮಗನದ್ದು, ಒಂದು ಆ ಬೆಂಕಿ ಹೊತ್ತಿಸಿದ ಹುಡುಗನದ್ದು. "ನೀವೇ ನೋಡಿ ಸಾಹುಕಾರ್ರೇ" ಅಂದೆ. ಪುಟ ತಿರುವಿದರು. ಇನ್ನೊಂದು ಮಾತೂ ಹೇಳಿದೆ. ರೈಲ್ವೆಯಲ್ಲಿ ಸ್ಕೌಟ್ಸ್ ಅಂಡ್ ಗೈಡ್ಸ್ ಕೋಟಾದಲ್ಲಿ ಕೆಲಸ ಕೊಡುತ್ತಾರೆ. ಅಲ್ಲಿ ರಾಷ್ಟ್ರಪತಿ ಸರ್ಟಿಫಿಕೇಟಿಗೆ ತೂಕ ಇದೆ. ನಾವು ಸುಮ್ನೆ ಒಂದು ಹೆಸರು ಸೇರಿಸಿದರೆ ಎಲ್ಲೋ ಒಬ್ಬ ಕೂಲಿಯವರ ಮಗನ ಜಾಗ ಹೋಗುತ್ತದೆ ಅಲ್ವಾ? ಅವರು ಮತ್ತೆ ಕೇಳಲಿಲ್ಲ. ಹುಡುಗ ಆಮೇಲೆ ಬಂದು ತೃತೀಯ ಸೋಪಾನ ಮುಗಿಸಿ ಅಲ್ಲಿಗೇ ನಿಲ್ಲಿಸಿದ. ಅದೂ ಕಡಿಮೆ ಮಾತಲ್ಲ. ಅದು ಅವನದೇ.

ಹಾಗಂತ ಗೌರವ ಕೊಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಅದಕ್ಕೆ ಅದರದೇ ಗುರುತು ಬೇಕು. 1927ರಲ್ಲಿ ಅಮೆರಿಕದ ಬಾಯ್ ಸ್ಕೌಟ್ಸ್‌ನವರು ಚಾರ್ಲ್ಸ್ ಲಿಂಡ್‌ಬರ್ಗ್, ಆರ್ವಿಲ್ ರೈಟ್ ಮುಂತಾದ ದೊಡ್ಡವರನ್ನು ಗೌರವ ಸ್ಕೌಟ್ ಮಾಡಿದರು. ಅಟ್ಲಾಂಟಿಕ್ ಮೇಲೆ ಒಬ್ಬನೇ ಹಾರಿದವನು, ವಿಮಾನ ಕಂಡುಹಿಡಿದವನು. ಆದರೂ ಅವರಿಗೆ ಕೊಟ್ಟಿದ್ದು ಅಲ್ಲಿನ ಮಕ್ಕಳ ಅತಿ ಮೇಲಿನ ದರ್ಜೆಯಾದ ಈಗಲ್ ಸ್ಕೌಟ್ ಅಲ್ಲ. ಅದೇ ವರ್ಷ ಮಿಷಿಗನ್‌ನ ಒಬ್ಬ ಹುಡುಗ ಬ್ಯಾಡ್ಜ್‌ಗಳನ್ನೆಲ್ಲ ಒಂದೊಂದಾಗಿ ಮುಗಿಸಿ ಈಗಲ್ ಸ್ಕೌಟ್ ಆದ. ಅವನು ಮುಂದೆ ಅಮೆರಿಕದ ಅಧ್ಯಕ್ಷನಾದ ಜೆರಾಲ್ಡ್ ಫೋರ್ಡ್. ಈಗಿನ ನಿಯಮದಲ್ಲಿ ಈಗಲ್ ಬೇಕಿದ್ದರೆ ಸಾಮಾನ್ಯವಾಗಿ ಹದಿನೆಂಟು ತುಂಬುವ ಮೊದಲೇ ಮುಗಿಸಬೇಕು. ದೊಡ್ಡವನಾದ ಮೇಲೆ ಎಷ್ಟೇ ಹೆಸರು ಮಾಡಿದರೂ ಆ ಬಾಗಿಲು ತೆರೆಯುವುದಿಲ್ಲ. ನನಗೆ ಇದು ತುಂಬ ಸರಿ ಅನಿಸುತ್ತದೆ.

ನಮ್ಮಲ್ಲೂ ಹಾಗೇ. ದೊಡ್ಡವರ ದೀರ್ಘ ಸೇವೆಗೆ ಸಿಲ್ವರ್ ಎಲಿಫೆಂಟ್, ಸಿಲ್ವರ್ ಸ್ಟಾರ್ ಇವೆ. ಅವು ಬೇರೆ ಸಾಲು. ಸ್ಕೌಟ್ ಮಾಸ್ಟರ್‌ಗಳು ಕಲಿತು ಪಡೆಯುವ ಹಿಮಾಲಯ ವುಡ್ ಬ್ಯಾಡ್ಜ್ ಇನ್ನೊಂದು ಸಾಲು. ಅದರ ಎರಡು ಮರದ ಮಣಿಗಳನ್ನು ಅತಿಥಿಯ ಕೊರಳಿಗೆ ಯಾರೂ ಹಾಕುವುದಿಲ್ಲ. ಹಾಗಿರುವಾಗ ಮಕ್ಕಳ ದರ್ಜೆಯ ಬಿಲ್ಲೆಯನ್ನು ಮಾತ್ರ ಯಾಕೆ ಅಷ್ಟು ಸಸಾರ ಮಾಡಬೇಕು?

ಈಗ ನಮ್ಮ ದಳದ ಕಾರ್ಯಕ್ರಮಗಳಲ್ಲಿ ಹೀಗೆ ಮಾಡುತ್ತೇವೆ. ಅತಿಥಿ ಯಾರೇ ಬರಲಿ, ಸ್ಕಾರ್ಫ್ ಹಾಕಿ ಸ್ವಾಗತ ಮಾಡುತ್ತೇವೆ, ಎಡಗೈ ಕೊಟ್ಟು ಕೈ ಕುಲುಕುತ್ತೇವೆ. ದಾನಿಗಳ ಹೆಸರು ಓದುತ್ತೇವೆ. ಆಮೇಲೆ ವೇದಿಕೆಯಿಂದ ಕೆಳಗಿಳಿದು, ಧ್ವಜದ ಹತ್ತಿರ ಮಕ್ಕಳಿಗೆ ಬ್ಯಾಡ್ಜ್ ಕೊಡುತ್ತೇವೆ. ಪ್ರತಿ ಮಗುವಿನ ಹೆಸರಿನ ಜೊತೆ ಅದು ಏನು ಮಾಡಿ ತೋರಿಸಿತು ಅಂತ ಒಂದು ಸಾಲು ಗಟ್ಟಿಯಾಗಿ ಓದುತ್ತೇವೆ. ಅಪ್ಪ ಅಮ್ಮಂದಿರು ಕಿವಿಗೊಟ್ಟು ಕೇಳುವುದು ಆ ಸಾಲನ್ನೇ.

ಊರಿನ ದೊಡ್ಡವರನ್ನು ಪರೀಕ್ಷೆಗೂ ಕರೆಯುತ್ತೇನೆ. ನಿವೃತ್ತ ನರ್ಸ್ ಒಬ್ಬರು ಬ್ಯಾಂಡೇಜ್ ಕಟ್ಟುವುದನ್ನು ನೋಡುತ್ತಾರೆ. ಕೊನೆಗಾರರೊಬ್ಬರು ಗಂಟು ಎಳೆದು ನೋಡುತ್ತಾರೆ. ಗೊನೆ ಇಳಿಸಲು ಮರದ ಮೇಲೆ ದಿನವಿಡೀ ಹಗ್ಗ ನಂಬಿ ಬದುಕುವವರು ಅವರು. ಅವರು ಸರಿ ಇಲ್ಲ ಅಂದರೆ ಹುಡುಗರು ವಾದ ಮಾಡದೆ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಟೆಂಟ್ ಕೊಡಿಸಿದ ಸಾಹುಕಾರರು ಈಗ ಶಿಬಿರದ ಲೆಕ್ಕದ ಪುಸ್ತಕ ನೋಡಿಕೊಡುತ್ತಾರೆ. ಅಕ್ಕಿ, ಬೇಳೆಯ ಲೆಕ್ಕ ತಪ್ಪಿದ ಗುಂಪನ್ನು ವಾಪಸ್ ಕಳಿಸುವುದರಲ್ಲಿ ಅವರು ನನಗಿಂತ ಬಿಗಿ.