ಒಂಟಿ ಗಾಲಿ ಮುಂದೋ, ಹಿಂದೋ? ಮೂರು ಗಾಲಿಯ ಬೈಕು ಕೊಳ್ಳುವ ಮುಂಚೆ ನಾನು ನೋಡಿದ್ದು

ಮೂರು ಗಾಲಿಯ ಮೋಟರ್‌ಸೈಕಲ್ ನೋಡಲು ಶೋರೂಮಿಗೆ ಹೋದರೆ ಮಾತು ಶುರುವಾಗುವುದೇ ಎಂಜಿನ್ನಿನಿಂದ. ಎಷ್ಟು ಸಿಸಿ, ಎಷ್ಟು ಹಾರ್ಸ್‌ಪವರ್, ಸ್ಪೀಕರ್ ಎಷ್ಟು ಜೋರು. ಇದೆಲ್ಲ ಆಮೇಲಿನ ಮಾತು. ಮೊದಲು ತಿಳಿದುಕೊಳ್ಳಬೇಕಾದ ಸಂಗತಿ ಎರಡೇ. ಒಂಟಿ ಗಾಲಿ ಮುಂದಿದೆಯೋ ಹಿಂದಿದೆಯೋ? ತಿರುವಿನಲ್ಲಿ ಗಾಡಿ ವಾಲುತ್ತದೋ ಇಲ್ಲವೋ? ಇಷ್ಟು ಸ್ಪಷ್ಟವಾದರೆ ಪಟ್ಟಿ ತಾನಾಗಿ ಅರ್ಧಕ್ಕೆ ಇಳಿಯುತ್ತದೆ.

ನಾನಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ. ಊರು ಮೈಸೂರು. ಐಡಿಯಲ್ ಜಾವಾ ಕಾರ್ಖಾನೆ ಇದ್ದ ಊರಿನವನಾದ್ದರಿಂದ ಬೈಕು ಕಲಿತದ್ದು ಯೆಜ್ಡಿಯ ಮೇಲೇ. ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರ್ ಆಗುತ್ತಿದ್ದ ಆ ಗಾಡಿ ಓಡಿಸಿದವರಿಗೆ ಬೇರೆ ಯಾವ ಬೈಕೂ ವಿಚಿತ್ರ ಅನ್ನಿಸುವುದಿಲ್ಲ. ಇಲ್ಲಿಗೆ ಬಂದಮೇಲೂ ಎರಡು ಗಾಲಿಯ ಟೂರಿಂಗ್ ಬೈಕೇ ಇಟ್ಟುಕೊಂಡಿದ್ದೆ. ಎಡ ಮೊಣಕಾಲಿನ ಆಪರೇಷನ್ ಆದಮೇಲೆ ಲೆಕ್ಕ ಬದಲಾಯಿತು. ತೊಂದರೆ ಓಡಿಸುವುದರಲ್ಲಿ ಇರಲಿಲ್ಲ, ನಿಲ್ಲಿಸುವುದರಲ್ಲಿತ್ತು. ಓಡುವ ಬೈಕನ್ನು ಯಾರೂ ಹಿಡಿದುಕೊಳ್ಳಬೇಕಿಲ್ಲ. ಇಳಿಜಾರಿನ ಸಿಗ್ನಲ್ಲಿನಲ್ಲಿ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ನಿಂತಾಗ ಮುನ್ನೂರು ಚಿಲ್ಲರೆ ಕಿಲೋ ಭಾರ ಒಂದು ಕಾಲಿನ ಮೇಲೆ ಬರುತ್ತದೆ.

ಹಾಗಾಗಿ ಪಟ್ಟಿಯಿಂದ ಮೊದಲು ಹೋದದ್ದು ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಗಾಡಿಯೇ. ಯಮಹಾ ನೈಕನ್ 2018ರಲ್ಲಿ ಬಂತು. ಮುಂದೆ ಎರಡು ಗಾಲಿ, 847 ಸಿಸಿಯ ಮೂರು ಸಿಲಿಂಡರ್ ಎಂಜಿನ್, ತಿರುವಿನಲ್ಲಿ 45 ಡಿಗ್ರಿಯವರೆಗೆ ವಾಲುತ್ತದೆ. ಓಡಿಸಿದರೆ ಥೇಟ್ ಬೈಕೇ, ಮುಂದಿನ ಹಿಡಿತ ಮಾತ್ರ ದುಪ್ಪಟ್ಟು. ಮೂರು ಗಾಲಿ ಇದ್ದರೆ ತಾನೇ ನಿಲ್ಲುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ನೈಕನ್ ನಿಲ್ಲುವುದಿಲ್ಲ, ಸಿಗ್ನಲ್ಲಿನಲ್ಲಿ ಕಾಲು ಕೊಡಲೇಬೇಕು. ಪಿಯಾಜಿಯೊ ಎಂಪಿ3 ಸ್ಕೂಟರಿನಲ್ಲಿ ನಿಲ್ಲುವ ಹೊತ್ತಿಗೆ ವಾಲುವಿಕೆಯನ್ನು ಲಾಕ್ ಮಾಡುವ ಸ್ವಿಚ್ ಇದೆ. ಪ್ಯಾರಿಸ್ಸಿನ ಬೀದಿಗಳಲ್ಲಿ ಅದು ಧಾರಾಳವಾಗಿ ಕಾಣುತ್ತದೆ. ಅದರ ಅಗಲದ ಮಾದರಿಯನ್ನು ಫ್ರಾನ್ಸಿನಲ್ಲಿ ಸಣ್ಣ ತರಬೇತಿ ಮುಗಿಸಿ ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು ಅನ್ನುವುದು ಅದಕ್ಕೊಂದು ಕಾರಣ. ನನ್ನ ಆಸುಪಾಸಿನಲ್ಲಿ ಸಿಕ್ಕಿದ್ದು ಹಳೆಯವು ಮಾತ್ರ. ಬಿಟ್ಟೆ.

ಪೊಲಾರಿಸ್ ಸ್ಲಿಂಗ್‌ಶಾಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟೀರಿಂಗ್ ಚಕ್ರ, ಅಕ್ಕಪಕ್ಕ ಎರಡು ಸೀಟು, ಬಾಗಿಲಿಲ್ಲ. ಈ ರಾಜ್ಯದಲ್ಲಿ ಅದನ್ನು ಆಟೋಸೈಕಲ್ ಅಂತ ಲೆಕ್ಕ ಹಾಕುತ್ತಾರೆ, ಕಾರಿನ ಲೈಸೆನ್ಸೇ ಸಾಕು. ನನಗೆ ಹ್ಯಾಂಡಲ್ ಬೇಕಿತ್ತು.

ಉಳಿದದ್ದು ಮೂರು: ಹಾರ್ಲೆ ಡೇವಿಡ್ಸನ್ನಿನ ಟ್ರೈ ಗ್ಲೈಡ್ ಅಲ್ಟ್ರಾ, ಕ್ಯಾನ್-ಆಮ್ ಸ್ಪೈಡರ್ ಆರ್‌ಟಿ, ಅದೇ ಕಂಪನಿಯ ಚಿಕ್ಕದು ರೈಕರ್. ಯಾವುದೂ ವಾಲುವುದಿಲ್ಲ, ಎಲ್ಲವೂ ತಾವೇ ನಿಲ್ಲುತ್ತವೆ. ವ್ಯತ್ಯಾಸ ಇರುವುದು ಒಂಟಿ ಗಾಲಿಯ ಜಾಗದಲ್ಲಿ.

ಟ್ರೈ ಗ್ಲೈಡಿನಲ್ಲಿ ಮುಂದೆ ಒಂದು, ಹಿಂದೆ ಎರಡು. ನಮ್ಮ ಆಟೋರಿಕ್ಷಾದ ಹಾಗೆ. ಆಟೋದವರು ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಒಳಗಡೆಯ ಹಿಂಗಾಲಿ ನೆಲ ಬಿಡುವುದನ್ನು ಮೈಸೂರು, ಬೆಂಗಳೂರಿನಲ್ಲಿ ಕಾಣದವರಿಲ್ಲ. ಬ್ರೇಕ್ ಹಾಕಿದರೆ ಭಾರ ಮುಂದಕ್ಕೆ ಬರುತ್ತದೆ. ಅಲ್ಲಿರುವುದು ಒಂದೇ ಗಾಲಿ, ಆಸರೆಯ ಅಗಲ ಕಮ್ಮಿ, ಗಾಡಿ ಹೊರಗಡೆ ಮೂಲೆಗೆ ಓಲುತ್ತದೆ. ಸ್ಪೈಡರ್, ರೈಕರ್‌ಗಳಲ್ಲಿ ಇದು ತಿರುಗುಮುರುಗು. ಮುಂದೆ ಎರಡು ಇರುವುದರಿಂದ ಬ್ರೇಕ್ ಹಾಕಿದಾಗ ಭಾರ ಬರುವುದು ಅಗಲ ಇರುವ ಕಡೆಗೇ. ಅವಸರದಲ್ಲಿ ತಿರುವಿನ ನಡುವೆ ಬ್ರೇಕ್ ಒತ್ತುವ ಅಭ್ಯಾಸ ಇರುವವರಿಗೆ ಎರಡನೆಯದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಹಾಗಂತ ಟ್ರೈ ಗ್ಲೈಡ್ ಅಪಾಯದ ಗಾಡಿ ಅಂತಲ್ಲ. ಹಾರ್ಲೆಯವರು 1932ರಷ್ಟು ಹಿಂದೆಯೇ ಸರ್ವಿ-ಕಾರ್ ಅನ್ನುವ ಮೂರು ಗಾಲಿಯ ಗಾಡಿ ತಯಾರಿಸಿ ನಾಲ್ಕು ದಶಕ ಮಾರಿದವರು. ಬೇಗ ಬ್ರೇಕ್ ಹಾಕಿ, ಆಮೇಲೆ ತಿರುಗುವ ಶಿಸ್ತು ಬೇಕು, ಅಷ್ಟೇ.

ಟೆಸ್ಟ್ ರೈಡಿಗೆ ಮುಂಚೆ ಲೈಸೆನ್ಸ್ ವಿಷಯ ಮುಗಿಸಿಕೊಳ್ಳಿ. ವಾಷಿಂಗ್ಟನ್ನಿನಲ್ಲಿ ಎರಡು ಗಾಲಿಗೊಂದು, ಮೂರು ಗಾಲಿಗೊಂದು ಬೇರೆ ಬೇರೆ ಎಂಡಾರ್ಸ್‌ಮೆಂಟ್, ಅಂದರೆ ಲೈಸೆನ್ಸಿನ ಮೇಲೆ ಸೇರಿಸಿಕೊಳ್ಳಬೇಕಾದ ಅನುಮತಿ. ಕ್ಯಾಲಿಫೋರ್ನಿಯಾದ ಗೆಳೆಯನಿಗೆ ಕಾರಿನ ಲೈಸೆನ್ಸಿನಲ್ಲೇ ನಡೆಯುತ್ತದೆ, ನನಗಿಲ್ಲ. ನನ್ನ ಹತ್ತಿರ ಎರಡು ಗಾಲಿಯದು ಇದ್ದರೂ ಅದು ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ತರಬೇತಿಗೆ ಸೇರಿದ್ದು ಒಳ್ಳೆಯದೇ ಆಯಿತು, ಹೋಲಿಕೆ ನಿಜವಾಗಿ ಶುರುವಾದದ್ದು ಆ ಪಾರ್ಕಿಂಗ್ ಲಾಟಿನಲ್ಲೇ. ಎರಡು ಗಾಲಿಯಲ್ಲಿ ವೇಗವಾಗಿ ಹೋಗುವಾಗ ಬಲಕ್ಕೆ ತಿರುಗಬೇಕಾದರೆ ಬಲ ಹಿಡಿಯನ್ನು ಮುಂದಕ್ಕೆ ತಳ್ಳುತ್ತೇವೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ಎಲ್ಲರೂ ಮಾಡುವುದು ಅದನ್ನೇ. ವಾಲದ ಮೂರು ಗಾಲಿಯಲ್ಲಿ ಹಾಗೆ ತಳ್ಳಿದರೆ ಗಾಡಿ ನೇರ ಎಡಕ್ಕೆ ಹೋಗುತ್ತದೆ. ಬಲಕ್ಕೆ ಹೋಗಲು ಎಡಗೈಯಿಂದ ತಳ್ಳಿ, ಮೈಯನ್ನು ಬಲಕ್ಕೆ ಬಗ್ಗಿಸಿ ಕೂರಬೇಕು. ಇನ್ನೊಂದು, ನಿಲ್ಲುವಾಗ ಕಾಲು ಕೆಳಗಿಡುವ ಹಾಗಿಲ್ಲ. ಹಿಂದೆ ಎರಡು ಗಾಲಿ ಇರುವ ಗಾಡಿಯಲ್ಲಿ ನಮ್ಮ ಕಾಲನ್ನು ನಮ್ಮದೇ ಗಾಲಿ ಹತ್ತಿಸಿಕೊಂಡು ಹೋಗಬಹುದು.

ಸ್ಪೈಡರಿನಲ್ಲಿ ಕ್ಲಚ್ ಇಲ್ಲ. ಎಡ ಹೆಬ್ಬೆರಳು, ತೋರುಬೆರಳಿನಿಂದ ಗೇರ್ ಏರಿಳಿಸಬಹುದು. ಇಳಿಸಲು ಮರೆತರೆ ಅದೇ ಇಳಿಸಿಕೊಳ್ಳುತ್ತದೆ, ಆರು ಗೇರು, ಜೊತೆಗೆ ರಿವರ್ಸ್. ಬಲಗೈ ಹತ್ತಿರ ಬ್ರೇಕ್ ಲಿವರೂ ಇಲ್ಲ. ಬಲಗಾಲಿನ ಒಂದೇ ಪೆಡಲ್ ಮೂರು ಗಾಲಿಗೂ ಬ್ರೇಕ್ ಹಂಚುತ್ತದೆ. ಮೊದಲ ಸಿಗ್ನಲ್ಲಿನಲ್ಲಿ ನನ್ನ ನಾಲ್ಕು ಬೆರಳು ತಾವಾಗಿ ಚಾಚಿ, ಏನೂ ಸಿಗದೆ, ಮತ್ತೆ ಹಿಡಿಗೆ ವಾಪಸ್ ಬಂದವು. ಕಾಲು ಅಷ್ಟರಲ್ಲಿ ಕೆಲಸ ಮುಗಿಸಿತ್ತು. ಟ್ರೈ ಗ್ಲೈಡಿನಲ್ಲಿ ಎಲ್ಲವೂ ಹಳೆಯ ಕ್ರಮ: ಎಡಗೈಯಲ್ಲಿ ಕ್ಲಚ್, ಎಡಗಾಲಿನಲ್ಲಿ ಗೇರ್, ಬಲಗೈಯಲ್ಲೂ ಬ್ರೇಕ್. ಹಾರ್ಲೆ ಅಭಿಮಾನಿಗಳಿಗೆ ಅದೇ ಸುಖ. ನನ್ನ ಎಡ ಮೊಣಕಾಲು ಬೇರೆ ಮಾತು ಹೇಳಿತು.

ರೈಕರ್ ನನ್ನನ್ನು ಸುಮಾರು ಕಾಡಿತು. 2018ರ ಕೊನೆಗೆ ಬಂದಾಗ ಅದರ ಆರಂಭದ ಬೆಲೆ 8,499 ಡಾಲರ್. 600 ಮತ್ತು 900 ಸಿಸಿ ಎರಡು ಎಂಜಿನ್, ಸ್ಕೂಟರಿನಂತೆ ಗೇರಿಲ್ಲದ ಸಿವಿಟಿ, ಹಿಂಗಾಲಿ ತಿರುಗಿಸಲು ಸ್ಪೈಡರಿನ ಬೆಲ್ಟಿನ ಬದಲು ಶಾಫ್ಟ್. ಪೆಟ್ರೋಲ್, ಆಯಿಲ್ ಇಲ್ಲದ ಒಣ ತೂಕ 270-280 ಕಿಲೋ, ಸ್ಪೈಡರ್ ಆರ್‌ಟಿ 460 ದಾಟುತ್ತದೆ. ಹ್ಯಾಂಡಲ್, ಪೆಡಲ್‌ಗಳನ್ನು ಸ್ಪ್ಯಾನರ್ ಇಲ್ಲದೆ ಹಿಂದೆ ಮುಂದೆ ಸರಿಸಬಹುದು. ಒಬ್ಬನೇ ಓಡಾಡುವವನಾಗಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದೆ. ಆದರೆ ಹಿಂದೆ ಕೂರುವವಳ ಮತವೂ ಇತ್ತಲ್ಲ.

ಈ ಗಾಡಿಗಳು ವಾಲುವುದಿಲ್ಲವಾದ್ದರಿಂದ ತಿರುವಿನಲ್ಲಿ ಮೈ ಹೊರಕ್ಕೆ ನೂಕಿದಂತಾಗುತ್ತದೆ. ಓಡಿಸುವವನಿಗೆ ಹ್ಯಾಂಡಲ್ ಇದೆ, ಹಿಂದಿನವರಿಗೆ ಅದೂ ಇಲ್ಲ. ಅಂಗಡಿಯ ಮುಂದಿನ ನೇರ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಇದು ಗೊತ್ತೇ ಆಗುವುದಿಲ್ಲ. ಫ್ರೀವೇ ಹತ್ತುವ ಸುರುಳಿ ರ‍್ಯಾಂಪಿನಲ್ಲಿ ಜೊತೆಗೇ ಹೋಗಿ ನೋಡಬೇಕು. ರೈಕರ್‌ನಲ್ಲಿ ಹಾಗೆ ಹೋಗಿ ಬಂದಮೇಲೆ ಅವಳು ಹೆಲ್ಮೆಟ್ ತೆಗೆಯುತ್ತಲೇ, "ರೀ, ನೀವೇನೋ ಹಿಡ್ಕೊಂಡಿರ್ತೀರಿ. ನಾನು ನಿಮ್ಮ ಜಾಕೆಟ್ಟೇ ಗತಿ ಅಂತ ಕೂರೋಕಾಗಲ್ಲ" ಅಂದಳು. ಟ್ರೈ ಗ್ಲೈಡಿನ ಹಿಂದಿನ ಸೀಟು ಅವಳಿಗೆ ಬಹಳ ಹಿಡಿಸಿತು. ಸ್ಪೈಡರ್ ಆರ್‌ಟಿ ಅದಕ್ಕಿಂತ ಅರ್ಧ ಮಾರ್ಕು ಕಮ್ಮಿ. ಆದರೂ ಸ್ಪೈಡರಿನಲ್ಲಿ ಬೆನ್ನಿಗೆ ಆಸರೆ, ಕೈಗೆ ಹಿಡಿ ಎರಡೂ ಇದ್ದವು.

ಆಮೇಲೆ ಮಳೆ, ರಸ್ತೆ. ಕಾರಾದರೆ ಗುಂಡಿಯನ್ನು ಎರಡು ಗಾಲಿಯ ನಡುವೆ ಬಿಟ್ಟು ಹೋಗಬಹುದು, ಬೈಕಾದರೆ ಪಕ್ಕಕ್ಕೆ ಸರಿಯಬಹುದು. ಮೂರು ಗಾಲಿಗೆ ಮೂರು ಜಾಡು, ಯಾವುದಾದರೊಂದು ಅದರೊಳಗೆ ಇಳಿಯುತ್ತದೆ. ವಾಷಿಂಗ್ಟನ್ನಿನಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಹಿಮದಲ್ಲಿ ಹಿಡಿತಕ್ಕಾಗಿ ಮೊಳೆ ಕೂರಿಸಿದ ಟೈರುಗಳಿಗೆ ಅನುಮತಿ ಇದೆ. ಅವು ಕೊರೆದ ಕೊರಕಲು ಫ್ರೀವೇ ಲೇನುಗಳಲ್ಲಿ ಉದ್ದಕ್ಕೂ ಇರುತ್ತದೆ. ಸ್ಪೈಡರಿನ ಮುಂಗಾಲಿಗಳ ಅಂತರ ಕಾರಿಗಿಂತ ಸ್ವಲ್ಪ ಕಮ್ಮಿ, ಹಾಗಾಗಿ ಅವು ಕೊರಕಲಿನ ಅಂಚಿನ ಮೇಲೆ ಹತ್ತಿ ಇಳಿಯುತ್ತ ಹ್ಯಾಂಡಲನ್ನು ಅತ್ತಿತ್ತ ಎಳೆಯುತ್ತವೆ. ಬಿಗಿಯಾಗಿ ಹಿಡಿದಷ್ಟೂ ಗಾಡಿ ಒದ್ದಾಡುತ್ತದೆ, ಸಡಿಲ ಬಿಟ್ಟರೆ ತಾನೇ ದಾರಿ ಹಿಡಿಯುತ್ತದೆ. ಒಂಟಿ ಗಾಲಿ ಓಡುವುದು ಲೇನಿನ ನಟ್ಟನಡುವೆ, ಕಾರುಗಳ ಎಂಜಿನ್ನಿನಿಂದ ಆಯಿಲ್ ತೊಟ್ಟಿಕ್ಕುವ ಪಟ್ಟಿಯ ಮೇಲೆ. ಬೇಸಿಗೆ ಮುಗಿದು ಮೊದಲ ಮಳೆ ಬಂದ ದಿನ ಅದು ನುಣ್ಣಗಿರುತ್ತದೆ. ಟ್ರೈ ಗ್ಲೈಡಿನಲ್ಲಿ ಆ ಪಟ್ಟಿಯ ಮೇಲೆ ಇರುವುದು ದಿಕ್ಕು ತೋರುವ ಗಾಲಿ, ಸ್ಪೈಡರಿನಲ್ಲಿ ತಳ್ಳುವ ಗಾಲಿ. ದಿಕ್ಕು ತಪ್ಪುವುದಕ್ಕಿಂತ ತಳ್ಳುವ ಗಾಲಿ ಸ್ವಲ್ಪ ಜಾರಿದರೂ ಪರವಾಗಿಲ್ಲ ಅಂತ ನಾನು ಲೆಕ್ಕ ಹಾಕಿದೆ. ಬೇರೆಯವರು ಇದನ್ನು ಒಪ್ಪದೆಯೂ ಇರಬಹುದು. ಸ್ಪೈಡರಿನ ಹಿಂಗಾಲಿಯ ಟೈರು 225 ಮಿಲಿಮೀಟರ್ ಅಗಲ. ನೀರು ನಿಂತ ಕಡೆ ಅಷ್ಟು ಅಗಲದ ಟೈರು ತೇಲುವ ಸಾಧ್ಯತೆ ಇದೆ, ಆದ್ದರಿಂದ ಜೋರು ಮಳೆಯಲ್ಲಿ ವೇಗ ಇಳಿಸಲೇಬೇಕು. ಒಳಗಡೆಯ ಗಾಲಿ ಏಳುವ ಸೂಚನೆ ಸಿಕ್ಕರೆ ಅದರ ಸ್ಟೆಬಿಲಿಟಿ ವ್ಯವಸ್ಥೆ ಎಂಜಿನ್ ಶಕ್ತಿ ಕತ್ತರಿಸಿ ಬ್ರೇಕ್ ಹಾಕುತ್ತದೆ. ತರಬೇತಿಯಲ್ಲಿ ಬೇಕೆಂದೇ ಅದನ್ನು ಕೆಣಕಿ ನೋಡಿದೆ. ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದ ಹಾಗಾಯಿತು.

ಮನೆಯ ಗ್ಯಾರೇಜಿನಲ್ಲಿ ಇನ್ನೊಂದು ಕೆಲಸ ಮಾಡಿದೆ. ಬಣ್ಣ ಹೊಡೆಯುವವರು ಬಳಸುವ ನೀಲಿ ಟೇಪಿನಿಂದ ನೆಲದ ಮೇಲೆ ಸ್ಪೈಡರಿನ ಮತ್ತು ಟ್ರೈ ಗ್ಲೈಡಿನ ಅಳತೆ ಅಂಟಿಸಿದೆ. ಸ್ಪೈಡರ್ ಹೆಚ್ಚುಕಡಿಮೆ 157 ಸೆಂಟಿಮೀಟರ್ ಅಗಲ, ಟ್ರೈ ಗ್ಲೈಡ್ 140ರ ಆಸುಪಾಸು. ಕಾರನ್ನು ಒಳಗೆ ತಂದು ಎಡಬಾಗಿಲು ತೆರೆದರೆ ಅಂಚು ಸ್ಪೈಡರಿನ ಟೇಪಿನ ಮೇಲೆ ಬಂತು. ಫ್ರಿಜ್ಜು, ಅಕ್ಕಿಮೂಟೆಗಳನ್ನು ಆ ಕಡೆ ಗೋಡೆಗೆ ಸಾಗಿಸಿದ ಮೇಲೆ ಜಾಗವಾಯಿತು. ಈ ಟೇಪು ತೋರಿಸಲು ಮೈಸೂರಿನ ತಮ್ಮನಿಗೆ ವಿಡಿಯೋ ಕಾಲ್ ಮಾಡಿದರೆ, "ಏನಣ್ಣ, ಅಷ್ಟು ದೂರ ಹೋಗಿ ಆಟೋ ತಗೋತಿದ್ಯಾ?" ಅಂತ ನಕ್ಕ.

ನಾನು ನೋಡುವಾಗ ಹೊಸ ಟ್ರೈ ಗ್ಲೈಡ್ 35,000 ಡಾಲರ್ ಮೀರುತ್ತಿತ್ತು. ಸ್ಪೈಡರ್ ಆರ್‌ಟಿ ಅದಕ್ಕೂ ರೈಕರಿಗೂ ನಡುವೆ ಇತ್ತು. ಬೋರ್ಡಿನ ಬೆಲೆಗೆ ಸಾಗಣೆ, ಜೋಡಣೆ, ಕಾಗದಪತ್ರದ ಖರ್ಚು, ಮೇಲೆ ಶೇಕಡಾ 10 ದಾಟುವ ಸೇಲ್ಸ್ ಟ್ಯಾಕ್ಸ್ ಸೇರುತ್ತದೆ. ಎಲ್ಲ ಸೇರಿ ಕೈಗೆ ಗಾಡಿ ಬರುವ ಹೊತ್ತಿಗೆ ಎಷ್ಟು ಅಂತ ಬರೆಸಿಕೊಳ್ಳದೆ ಚೌಕಾಸಿಗೆ ಇಳಿಯಬೇಡಿ. ನಾನು ಸ್ಪೈಡರ್ ಆರ್‌ಟಿಯನ್ನೇ ಆರಿಸಿ ಸೆಕೆಂಡ್‌ಹ್ಯಾಂಡ್ ಕಡೆ ತಿರುಗಿದೆ. ಸ್ಪೈಡರ್ ಆರ್‌ಟಿಗೆ 2014ರಿಂದ 1330 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಬಂದಿದೆ, ಆಯಿಲ್ ಬದಲಿಸುವ ಅಂತರ 9,300 ಮೈಲಿ. 2020ರಲ್ಲಿ ಮೈಕಟ್ಟು ಬದಲಾಗಿ ಸಾಮಾನು ಇಡುವ ಜಾಗ 177 ಲೀಟರ್ ಆಯಿತು. ಹಾಗಾಗಿ 2020ರ ನಂತರದ್ದನ್ನೇ ಹುಡುಕಿದೆ.

ಸಿಕ್ಕ ಗಾಡಿಯನ್ನು ಮೆಕ್ಯಾನಿಕ್‌ಗೆ ತೋರಿಸುವ ಮುಂಚೆ ಟಾರ್ಚ್ ಹಿಡಿದು ನಾನೇ ಕೆಳಗೆ ಮಲಗಿ ನೋಡಿದೆ. ಬೆಲ್ಟಿನ ಮುಂದಿನ ಪುಲ್ಲಿಯ ಸುತ್ತ ತುಕ್ಕಿನ ಬಣ್ಣದ ಪುಡಿ ಇದ್ದರೆ ಅಲ್ಲಿನ ಹಲ್ಲುಗಳು ಸವೆಯುತ್ತಿವೆ ಎಂದರ್ಥ. ಇದರಲ್ಲಿ ಇರಲಿಲ್ಲ. ಮುಂಗಾಲಿಗಳ ಟೈರು ಎರಡೂ ಒಂದೇ ಸಮ ಸವೆದಿದ್ದವು, ಅಂದರೆ ಅಲೈನ್‌ಮೆಂಟ್ ಸರಿಯಿರುವ ಲಕ್ಷಣ. ಗಾಡಿಯ ಗುರುತಿನ ವಿನ್ ನಂಬರನ್ನು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿಗೆ ಹಾಕಿದರೆ ಬಾಕಿ ಇರುವ ರೀಕಾಲ್ (ದೋಷ ಸರಿಪಡಿಸಲು ಕಂಪನಿ ಕೊಡುವ ಕರೆ) ಇದೆಯೋ ಇಲ್ಲವೋ ಬಿಟ್ಟಿಯಾಗಿ ತಿಳಿಯುತ್ತದೆ. ಅದೇ ನಂಬರ್ ಕೊಟ್ಟು ಇನ್ಶೂರೆನ್ಸ್ ದರವನ್ನೂ ಮೊದಲೇ ಕೇಳಿದೆ. ಹಿಂದಿನ ಟೈರಿನ ನಡುಭಾಗ ಮಾತ್ರ ಚಪ್ಪಟೆಯಾಗಿತ್ತು. ವಾಲದ ಗಾಡಿಯ ಹಿಂದಿನ ಟೈರು ಸವೆಯುವುದೇ ಹಾಗೆ. ಅದನ್ನು ತೋರಿಸಿ ಹೊಸ ಟೈರಿನ ದುಡ್ಡನ್ನು ಬೆಲೆಯಲ್ಲಿ ಕಳೆಸಿದೆ.

ಆ ದುಡ್ಡು ಟೈರಿಗಷ್ಟೇ ಅಲ್ಲ. ಹಿಂಗಾಲಿ ಬಿಚ್ಚಿ ಹಾಕಿದಮೇಲೆ ಬೆಲ್ಟನ್ನು ಮತ್ತೆ ಹದಕ್ಕೆ ತರಬೇಕು. ಬೈಕಿನ ಟೈರು ಅಂಗಡಿಯವರು "ಇದು ಕಾರಿನದು" ಅನ್ನುತ್ತಾರೆ, ಕಾರಿನವರು "ಇದು ಬೈಕು" ಅಂತ ವಾಪಸ್ ಕಳಿಸುತ್ತಾರೆ. ನಿಮ್ಮ ಊರಿನಲ್ಲಿ ಯಾರು ಹಾಕಿಕೊಡುತ್ತಾರೆ, ಕೂಲಿ ಎಷ್ಟು ಅನ್ನುವುದನ್ನು ಗಾಡಿಗೆ ಅಡ್ವಾನ್ಸ್ ಕೊಡುವ ಮುಂಚೆಯೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.