ಊರಿನ ಸಣ್ಣ ಹಂದಿ ಕಸಾಯಿಖಾನೆ ಮುಚ್ಚದಂತೆ ನಡೆಸುವುದು ಹೇಗೆ

ಕೊಡಗಿನಲ್ಲಿ ಹಂದಿ ಮಾಂಸಕ್ಕೆ ಗಿರಾಕಿ ಹುಡುಕಬೇಕಾಗಿಲ್ಲ. ಕೈಲ್ ಮುಹೂರ್ತ, ಹುತ್ತರಿ, ಮದುವೆ ಮನೆ ಎಂದು ವರ್ಷವಿಡೀ ಬೇಡಿಕೆಯಿದೆ. ಆದರೂ ಸಣ್ಣ ಕಸಾಯಿಖಾನೆ ಬಾಗಿಲು ಹಾಕುತ್ತದೆಂದರೆ ಕಾರಣ ಹೆಚ್ಚಾಗಿ ಎರಡೇ: ಮಳೆಗಾಲದಲ್ಲಿ ಚರಂಡಿ ಕಟ್ಟಿ ಅಕ್ಕಪಕ್ಕದವರು ಪಂಚಾಯ್ತಿಗೆ ದೂರು ಕೊಡುತ್ತಾರೆ, ಇಲ್ಲವೇ ವಾರವೆಲ್ಲ ತೆರೆದಿಟ್ಟು ಖರ್ಚು ಮೈಮೇಲೆ ಬರುತ್ತದೆ. ಅದು ಮುಚ್ಚಿದ ಮೇಲೆ ಎರಡು ಹಂದಿ ಸಾಕಿದ ರೈತ ದಲ್ಲಾಳಿ ಹೇಳಿದ ದರಕ್ಕೆ ಜೀವಂತ ತೂಕದಲ್ಲೇ ಮಾರಬೇಕು. ಹಾಗಾಗಿ ಈ ಜಾಗ ಉಳಿಯಲೇಬೇಕು.

ಮೊದಲು ಕಾಗದಪತ್ರ. ಗ್ರಾಮ ಪಂಚಾಯ್ತಿಯ ಒಪ್ಪಿಗೆ ಬರಹದಲ್ಲಿರಲಿ. ದಿನಕ್ಕೆ ಹಂದಿಯಂಥ 10 ಸಣ್ಣ ಪ್ರಾಣಿ ಮೀರದಿದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಸಾಕು, ಮೀರಿದರೆ ಪರವಾನಗಿ ಬೇಕು. ಕಸಾಯಿಖಾನೆಗಳ ಬಗ್ಗೆ 2001ರಲ್ಲಿ ಬಂದ ಪ್ರಾಣಿಹಿಂಸೆ ತಡೆ ನಿಯಮಗಳು ದಿನಕ್ಕೆ 10 ಅಥವಾ ಹೆಚ್ಚು ಪ್ರಾಣಿ ಕಡಿಯುವ ಜಾಗಕ್ಕಾಗಿ ಬರೆದವು. ಆದರೂ ಅದರ ಅಳತೆಗಳನ್ನು ಸಣ್ಣವರೂ ಪಾಲಿಸುವುದು ಒಳ್ಳೆಯದು: ಪಶುವೈದ್ಯರು ನೋಡಿದ ಮೇಲೆ 24 ಗಂಟೆ ವಿಶ್ರಾಂತಿ, ಸಣ್ಣ ಪ್ರಾಣಿಯೊಂದಕ್ಕೆ 1.6 ಚದರ ಮೀಟರ್ ಜಾಗ, ಒಂದರ ಕಣ್ಣೆದುರು ಇನ್ನೊಂದನ್ನು ಕಡಿಯಬಾರದು.

ವಿಶ್ರಾಂತಿ ಎಂದರೆ ಬರೀ ಕರುಣೆಯ ಮಾತಲ್ಲ. ಜೀಪಿನಿಂದ ಇಳಿಸಿ, ಓಡಿಸಿ, ಹೊಡೆದು ತಕ್ಷಣ ಕಡಿದ ಹಂದಿಯ ಮಾಂಸ ಬಿಳಿಚಿಕೊಂಡು ನೀರು ಬಿಡುತ್ತದೆ, ಬೇಯಿಸಿದಾಗ ಕುಗ್ಗುತ್ತದೆ. ಹಿಂದಿನ ರಾತ್ರಿಯಿಂದ, ಅಂದರೆ ಸುಮಾರು 12 ಗಂಟೆ, ತಿಂಡಿ ನಿಲ್ಲಿಸಿ. ನೀರು ಮಾತ್ರ ಕೊನೆಯವರೆಗೂ ಇರಲಿ. ಹೊಟ್ಟೆ ತುಂಬಿದ ಹಂದಿಯ ಕರುಳು ಚಾಕು ತಾಗಿದರೆ ಸಾಕು, ಒಡೆದು ಇಡೀ ದೇಹ ಹೊಲಸಾಗುತ್ತದೆ.

ಕಡಿಯುವ ಮೊದಲು ಪ್ರಜ್ಞೆ ತಪ್ಪಿಸಬೇಕು. ವಿದ್ಯುತ್ ಇಕ್ಕಳವಾದರೆ ಕಣ್ಣು ಮತ್ತು ಕಿವಿಯ ನಡುವೆ ಎರಡೂ ಕಡೆ ಹಿಡಿದು ಕನಿಷ್ಠ 1.3 ಆಂಪಿಯರ್ ಹರಿಸಿ. ಒಣಗಿದ, ಕೆಸರು ಮೆತ್ತಿದ ಚರ್ಮದಲ್ಲಿ ಕರೆಂಟ್ ಸರಿಯಾಗಿ ಹೋಗುವುದಿಲ್ಲ, ಆ ಜಾಗವನ್ನು ಒರೆಸಿ ಒದ್ದೆ ಮಾಡಿ. ಉಸಿರಿನ ಲಯ ನಿಂತಿದೆಯೇ, ಕಣ್ಣುಗುಡ್ಡೆ ಮುಟ್ಟಿದರೆ ರೆಪ್ಪೆ ಮಿಟುಕುವುದಿಲ್ಲವೇ ನೋಡಿಕೊಂಡು 15 ಸೆಕೆಂಡಿನೊಳಗೆ ಚಾಕು ಹಾಕಿ. ತಡವಾದರೆ ಪ್ರಜ್ಞೆ ಮರಳುತ್ತದೆ. ರಕ್ತ ಪೂರ್ತಿ ಇಳಿಯಲು ಐದು ನಿಮಿಷ ಬಿಡಿ.

ಕೊಡಗಿನ ಗಿರಾಕಿಗೆ ತೊಗಲಿರುವ ಮಾಂಸವೇ ಬೇಕು, ಆದ್ದರಿಂದ ಕೂದಲು ತೆಗೆಯುವ ಕೆಲಸದಲ್ಲಿ ಅವಸರ ಬೇಡ. ನೀರು 60ರಿಂದ 62 ಡಿಗ್ರಿ ಇರಬೇಕು, ಹಂದಿ ನಾಲ್ಕರಿಂದ ಆರು ನಿಮಿಷ ಮುಳುಗಿರಬೇಕು. ಕುದಿಯುವ ನೀರು ಸುರಿದರೆ ತೊಗಲು ಬೆಂದು ಕೂದಲು ಬುಡದಲ್ಲೇ ಕಚ್ಚಿಕೊಳ್ಳುತ್ತದೆ, ಆಮೇಲೆ ಎಷ್ಟು ಕೆರೆದರೂ ಬರುವುದಿಲ್ಲ. ಕಿವಿಯ ಹಿಂದಿನ ಒಂದು ಹಿಡಿ ಕೂದಲನ್ನು ಎರಡು ಬೆರಳಿನಲ್ಲಿ ಎಳೆಯಿರಿ. ತಡೆಯಿಲ್ಲದೆ ಬುಡಸಮೇತ ಬಂದರೆ ಹಂದಿ ಹೊರಗೆ ತೆಗೆಯುವ ಹೊತ್ತಾಯಿತು. ಕೆರೆದ ಮೇಲೆ ಉಳಿದ ಕುರುಚಲನ್ನು ಭತ್ತದ ಹುಲ್ಲಿನಲ್ಲೋ ಗ್ಯಾಸ್ ಬರ್ನರಿನಲ್ಲೋ ಸುಟ್ಟು, ಕರಿಯನ್ನು ಉಜ್ಜಿ ತೊಳೆಯಿರಿ.

ಅರ್ಧ ಗಂಟೆಯೊಳಗೆ ಹೊಟ್ಟೆ ಬಿಡಿಸಿ. ಗುದದ ಸುತ್ತ ಬಿಡಿಸಿ ದಾರದಿಂದ ಕಟ್ಟಿ, ಅನ್ನನಾಳವನ್ನೂ ಕಟ್ಟಿ, ಆಮೇಲೆ ಕರುಳು ಇಳಿಸಿ. ಪಿತ್ತಕೋಶ ಒಡೆದರೆ ತಾಗಿದ ಮಾಂಸವನ್ನು ಕೊಯ್ದು ಎಸೆಯಬೇಕು. ನಾಲಿಗೆ, ಹೃದಯ, ವಪೆಯಲ್ಲಿ (ಎದೆಗೂ ಹೊಟ್ಟೆಗೂ ನಡುವಿನ ಪೊರೆ) ಅಕ್ಕಿಕಾಳಿನಂಥ ಬಿಳಿ ಗುಳ್ಳೆ ಕಂಡರೆ ಅದು ಲಾಡಿಹುಳದ ಮರಿ. ಪಶುವೈದ್ಯರು ನೋಡುವವರೆಗೆ ಒಂದು ತುಂಡೂ ಮಾರಬೇಡಿ. ಪಿತ್ತಜನಕಾಂಗದ ಮೇಲೆ ಹಾಲು ಚೆಲ್ಲಿದಂಥ ಕಲೆಗಳಿದ್ದರೆ ದುಂಡುಹುಳದ ಗುರುತು. ಸಾಕಿದವರಿಗೆ ಹೇಳಿ, ಉಳಿದ ಹಂದಿಗಳಿಗೆ ಹುಳದ ಔಷಧಿ ಕೊಡಿಸಲಿ.

ಇನ್ನು ಕಸಾಯಿಖಾನೆಯ ಆಯಸ್ಸನ್ನು ತೀರ್ಮಾನಿಸುವ ಕೆಲಸ, ರಕ್ತ ಮತ್ತು ಕರುಳಿನ ವಿಲೇವಾರಿ. 80 ಕಿಲೋ ಹಂದಿಯಿಂದ ಸುಮಾರು ಮೂರು ಲೀಟರ್ ರಕ್ತ ಬರುತ್ತದೆ. ಅದು ಚರಂಡಿಗೆ ಬಿದ್ದರೆ ಮೊದಲು ಹೆಪ್ಪುಗಟ್ಟುತ್ತದೆ, ಮರುದಿನ ನಾರುತ್ತದೆ, ಮುಂದೆ ತೋಡಿನ ಮೀನು ಉಸಿರುಗಟ್ಟಿ ಸಾಯುತ್ತದೆ. ಇಂಗುಗುಂಡಿಯನ್ನು ನಂಬಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲದೊಳಗಿನ ನೀರು ಮೇಲೇರಿ ಗುಂಡಿಯೇ ತುಂಬಿ ಹೊರಚೆಲ್ಲುತ್ತದೆ. ರಕ್ತವನ್ನು ಟಬ್ಬಿನಲ್ಲಿ ಹಿಡಿದು, ಹೆಪ್ಪುಗಟ್ಟುವ ಮೊದಲೇ ಒಂದು ಗೋಣಿ ಒಣ ಕಾಫಿ ಸಿಪ್ಪೆಗೆ ಸುರಿದು ಕಲೆಸಿ, ಗೊಬ್ಬರದ ರಾಶಿಗೆ ಹಾಕಿ.

ಗೊಬ್ಬರದ ರಾಶಿ ನೆಲದ ಮೇಲೆ, ತಗಡಿನ ಸೂರಿನ ಕೆಳಗಿರಲಿ. ಅಡಿಯಲ್ಲಿ ಒಂದಡಿ ಸಿಪ್ಪೆ ಅಥವಾ ತರಗೆಲೆ, ಅದರ ಮೇಲೆ ಕೊಯ್ದು ಬಿಡಿಸಿದ ಕರುಳು, ಮೇಲೆ ಎರಡಡಿ ಒಣ ಹೊದಿಕೆ. ಒಳಗಿನ ಬಿಸಿ 55 ಡಿಗ್ರಿ ದಾಟಿ ಕನಿಷ್ಠ ಮೂರು ದಿನ ನಿಲ್ಲಬೇಕು. ಬಿಸಿಯೇರದಿದ್ದರೆ ಸಾಮಾನ್ಯವಾಗಿ ರಾಶಿ ಒದ್ದೆಯಾಗಿರುತ್ತದೆ: ಒಂದು ಹಿಡಿ ಹಿಂಡಿದಾಗ ನೀರು ತೊಟ್ಟಿಕ್ಕಿದರೆ ಇನ್ನಷ್ಟು ಸಿಪ್ಪೆ ಸೇರಿಸಿ ತಿರುವಿ. ಸುತ್ತ ಗಟ್ಟಿ ಬೇಲಿ ಬೇಕು, ಇಲ್ಲದಿದ್ದರೆ ನಾಯಿಯೂ ಕಾಡುಹಂದಿಯೂ ಅಗೆಯುತ್ತವೆ. ನೆಲ ತೊಳೆಯುವ ಮೊದಲು ನೀರು ಹಾಕದೆಯೇ ಬಿದ್ದದ್ದನ್ನೆಲ್ಲ ರಬ್ಬರ್ ಪಟ್ಟಿಯಿಂದ ಬಳಿದು ತೆಗೆಯಿರಿ. ಮೀಟರಿಗೆ ಎರಡು ಸೆಂಟಿಮೀಟರ್ ಇಳಿಜಾರು, ಚರಂಡಿ ಬಾಯಿಗೆ ಜಾಲರಿ, ಆಮೇಲೆ ಕೊಬ್ಬು ತೇಲಿ ನಿಲ್ಲುವ ತೊಟ್ಟಿ. ಆ ಕೊಬ್ಬನ್ನು ವಾರಕ್ಕೊಮ್ಮೆ ಬಾಚದಿದ್ದರೆ ಪೈಪು ಕಟ್ಟುವುದು ಖಂಡಿತ.

ಹಣದ ಲೆಕ್ಕ ಸರಳ. ಬಾಡಿಗೆ, ಕರೆಂಟು, ಸೌದೆ, ಶುಚಿ ಸೇರಿ ತಿಂಗಳಿಗೆ 12,000 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. ನಾಲ್ಕು ಭಾನುವಾರ, ವಾರಕ್ಕೆ ಆರು ಹಂದಿ ಬಂದರೆ ತಲೆಗೆ 500 ಬೀಳುತ್ತದೆ. ಮೂರೇ ಬಂದರೆ 1,000, ಆಗ ರೈತರು ಬರುವುದಿಲ್ಲ. ಆದ್ದರಿಂದ ವಾರಕ್ಕೊಂದೇ ದಿನ ತೆರೆಯಿರಿ, ಗುರುವಾರದೊಳಗೆ ಹೆಸರು ಬರೆಸಿಕೊಳ್ಳಿ, ಮುಂಗಡ ಪಡೆಯಿರಿ. 80 ಕಿಲೋ ಹಂದಿಗೆ 56ರಿಂದ 60 ಕಿಲೋ ಮಾಂಸ ಬರುತ್ತದೆಂದು ಮೊದಲೇ ಹೇಳಿದರೆ ತೂಕದ ಜಗಳವೂ ತಪ್ಪುತ್ತದೆ. ಫ್ರೀಜರ್ ಇಲ್ಲದಿದ್ದರೆ ನಸುಕಿನಲ್ಲೇ ಕಡಿದು ಬೆಳಗ್ಗೆಯೇ ಮಾರಿ ಮುಗಿಸಬೇಕು.

ಆಫ್ರಿಕನ್ ಹಂದಿ ಜ್ವರ 2020ರಿಂದ ಭಾರತದಲ್ಲಿದೆ. ಮನುಷ್ಯರಿಗೆ ತಗಲುವುದಿಲ್ಲ, ಆದರೆ ಕಸಾಯಿಖಾನೆಯಿಂದಲೇ ಊರೂರಿಗೆ ಹರಡಬಹುದು. ಜ್ವರ ಬಂದ, ಕಿವಿ, ಹೊಟ್ಟೆಯ ತೊಗಲು ಕೆಂಪೋ ನೀಲಿಯೋ ಆದ ಹಂದಿಯನ್ನು ಒಳಗೆ ಬಿಡಬೇಡಿ, ಕಡಿಯಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಕರುಳನ್ನಾಗಲಿ ಮಾಂಸದ ಚೂರನ್ನಾಗಲಿ ಹಂದಿಗೆ ಮೇವಾಗಿ ಕೊಡಬೇಡಿ. ಹಂದಿ ತಂದ ಜೀಪಿನ ಚಕ್ರ, ಹಗ್ಗ, ಬೂಟು ಎಲ್ಲವನ್ನೂ ಸೋಪು ನೀರಿನಲ್ಲಿ ಉಜ್ಜಿ, ಆಮೇಲೆ ಸೋಂಕುನಾಶಕ ಹೊಡೆದೇ ಗೇಟಿನಿಂದ ಹೊರಗೆ ಬಿಡಿ.